ಹಗಲುಗನಸು: ಪದದ ಅರ್ಥ, ಬಳಕೆ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಜಯನಗರದಲ್ಲಿ ಭಾನುವಾರ ಬೆಳಿಗ್ಗೆ ದೊಡ್ಡವರಿಗೆ ಕನ್ನಡ ಹೇಳಿಕೊಡುತ್ತೇನೆ. ಬರುವವರಲ್ಲಿ ಅರ್ಧ ಜನ ಬೇರೆ ರಾಜ್ಯದವರು. ಇನ್ನರ್ಧ ನಮ್ಮೂರಿನವರೇ, ಮನೆಯಲ್ಲಿ ಕನ್ನಡ ಆಡುತ್ತಾ ಬೆಳೆದರೂ ಓದುಬರಹ ಕೈತಪ್ಪಿ ಹೋದವರು. ಈ ಎರಡೂ ಗುಂಪಿನವರಿಗೆ ಪ್ರೀತಿಯ ಪದ ‘ಹಗಲುಗನಸು’. ಎರಡೂ ಗುಂಪಿನವರು ಎಡವುವುದೂ ಅಲ್ಲೇ. ವರ್ಷಗಳಿಂದ ತಿರುಗಿ ತಿರುಗಿ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಹಗಲುಗನಸು ಅಂದರೆ ಏನು?

ಎಚ್ಚರವಾಗಿರುವಾಗಲೇ ಮನಸ್ಸು ತನ್ನೊಳಗೆ ನಡೆಸುವ ಕಥೆ. ಕಣ್ಣು ತೆರೆದಿರುತ್ತದೆ, ಎದುರಿಗಿರುವುದು ಕಾಣುವುದಿಲ್ಲ. 500ಡಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರು ಸಿಲ್ಕ್ ಬೋರ್ಡ್ ಹತ್ತಿರ ಗಾಡಿಗಳ ಸಾಲನ್ನೇ ನೋಡುತ್ತಿರುತ್ತಾರೆ, ಆದರೆ ಒಳಗೆ ಊರಿನ ಮನೆಗೆ ಹೆಂಚು ಹೊದಿಸುತ್ತಿರುತ್ತಾರೆ, ಮಗಳ ಮದುವೆಗೆ ಓಲಗದವರನ್ನು ಕರೆಸುತ್ತಿರುತ್ತಾರೆ.

ಇನ್ನೊಂದು ಅರ್ಥವೂ ಇದೆ: ಕೈಗೂಡದ ಆಸೆ, ಬುಡವಿಲ್ಲದ ನಿರೀಕ್ಷೆ. ‘ಈ ಸಂಬಳದಲ್ಲಿ ಬಸವನಗುಡೀಲಿ ಸೈಟ್ ತಗೊಳ್ಳೋದಾ? ಹಗಲುಗನಸು ಬಿಡಿ’ ಎಂದಾಗ ಯಾರೂ ಕಣ್ಣು ತೆರೆದು ಕೂತಿಲ್ಲ, ಯಾರೂ ಮೈಮರೆತಿಲ್ಲ. ‘ಆಗದ ಮಾತು’ ಎಂದಷ್ಟೇ ಅರ್ಥ. ಪತ್ರಿಕೆಗಳಲ್ಲಿ ಈ ಎರಡನೆಯ ಅರ್ಥವೇ ಹೆಚ್ಚು ಕಾಣುತ್ತದೆ, ಮನೆಯೊಳಗೆ ಮೊದಲನೆಯದು.

‘ಕನಸು’ ಹೋಗಿ ‘ಗನಸು’ ಆಗಿದ್ದು ಹೇಗೆ? ‘ಹಗಲು ಕನಸು’ ಎಂದು ಬರೆದರೆ ತಪ್ಪೇ?

ಹಗಲು, ಕನಸು ಎರಡೂ ಸೇರಿ ಒಂದೇ ಪದವಾದಾಗ ಎರಡನೆಯ ಪದದ ಮೊದಲ ‘ಕ’ಕಾರ ‘ಗ’ಕಾರವಾಗುತ್ತದೆ. ಶಾಲೆಯಲ್ಲಿ ಓದಿದ ಆದೇಶ ಸಂಧಿ ಇದು. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ ಆದ ಹಾಗೆಯೇ. ಸಂಧಿಯ ಹೆಸರು ಮರೆತವರೂ ‘ಮಳೆಕಾಲ’ ಎನ್ನುವುದಿಲ್ಲ, ನಾಲಿಗೆಗೆ ಅದು ಗೊತ್ತಿದೆ.

‘ಹಗಲು ಕನಸು’ ಎಂದು ಬಿಡಿಸಿ ಬರೆದರೆ ತಪ್ಪಲ್ಲ. ಆದರೆ ನನ್ನ ಕಿವಿಗೆ ಅದು ಬೇರೆ ಕೇಳಿಸುತ್ತದೆ. ಮಧ್ಯಾಹ್ನ ಊಟ ಮಾಡಿ ಮಲಗಿದಾಗ ಬಿದ್ದ ಕನಸನ್ನೂ ‘ಹಗಲು ಕನಸು’ ಅನ್ನಬಹುದು. ‘ಗ’ ಬಂದ ಮೇಲೆ ಆ ಅರ್ಥಕ್ಕೆ ಜಾಗವಿಲ್ಲ. ನಿದ್ದೆ ಅಲ್ಲಿಂದ ಹೊರಟುಹೋಗಿರುತ್ತದೆ. ಅದಕ್ಕೇ ಕೂಡಿಸಿ ಬರೆಯಿರಿ ಎಂದು ಹಟ ಹಿಡಿಯುತ್ತೇನೆ. ‘ಹಗಲುಕನಸು’ ಎಂದು ಕೂಡಿಸಿಯೂ ‘ಕ’ ಉಳಿಸಿಕೊಳ್ಳುವುದು ಮಾತ್ರ ಎಲ್ಲಿಯೂ ಸಲ್ಲದು.

‘ನನಗೆ ಹಗಲುಗನಸು ಬಿತ್ತು’ ಎನ್ನಬಹುದೇ?

ಇಲ್ಲ. ತರಗತಿಯಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಲ್ಲುವ ಜಾಗ ಇದು.

ರಾತ್ರಿಯ ಕನಸಿಗೆ ನಾವು ಹೇಳುವುದು ‘ನನಗೆ ಕನಸು ಬಿತ್ತು’ ಎಂದು. ಜ್ವರ ಬಂತು, ಹಸಿವಾಯಿತು, ನಿದ್ದೆ ಹತ್ತಿತು ಎಲ್ಲವೂ ‘ನನಗೆ’. ನಾನು ಅಲ್ಲಿ ಸುಮ್ಮನೆ ಮಲಗಿದ್ದೆ, ಕನಸು ಎಲ್ಲಿಂದಲೋ ಬಂದು ನನ್ನ ಮೇಲೆ ಬಿತ್ತು. ‘ನಿನ್ನೆ ಕನಸಲ್ಲಿ ತಾತ ಬಂದಿದ್ರು’ ಎನ್ನುವಾಗಲೂ ಬಂದವರು ತಾತ, ಕರೆದವರು ಯಾರೂ ಇಲ್ಲ.

ಹಗಲುಗನಸಿಗೆ ಬಂದ ಕೂಡಲೇ ‘ನನಗೆ’ ಹೋಗಿ ‘ನಾನು’ ಬರುತ್ತದೆ. ‘ನಾನು ಹಗಲುಗನಸು ಕಾಣ್ತಾ ಕೂತಿದ್ದೆ.’ ಕಾಣುವುದು ಕೆಲಸ, ಮಾಡಿದವರು ನಾವು. ಹಗಲುಗನಸು ಯಾರ ಮೇಲೂ ಬೀಳುವುದಿಲ್ಲ. ಕನ್ನಡದ ವ್ಯಾಕರಣ ಇದನ್ನು ಎಷ್ಟು ಖಚಿತವಾಗಿ ಹಿಡಿದಿಟ್ಟಿದೆ ಎಂದರೆ, ಕನ್ನಡ ಕಲಿತು ಆರು ತಿಂಗಳಾದವರಿಗೂ ‘ಹಗಲುಗನಸು ಬಿತ್ತು’ ಎಂದಾಗ ಏನೋ ಮುಗ್ಗರಿಸಿದ್ದು ಗೊತ್ತಾಗುತ್ತದೆ.

ಇದನ್ನು ನಾನು ಕಲಿತದ್ದು ಅವರೆಕಾಯಿ ಕಾಲದಲ್ಲಿ. ಡಿಸೆಂಬರ್ ಕೊನೆಗೆ ನಮ್ಮ ಮನೆಯಲ್ಲಿ ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ಹಜಾರದಲ್ಲಿ ಎರಡು ಪಾತ್ರೆ ಇಟ್ಟುಕೊಂಡು ಹಿತಕಲು ಕೂರುತ್ತಿದ್ದೆವು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳನ್ನು ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಒಂದು ಪಾತ್ರೆಗೆ ಬೀಳಬೇಕು, ಸಿಪ್ಪೆ ಇನ್ನೊಂದಕ್ಕೆ. ನೂರು ಕಾಳಿನ ನಂತರ ಕೈಗೆ ನಾವು ಬೇಕಾಗುವುದಿಲ್ಲ. ನನಗಾಗ ಹತ್ತು ವರ್ಷ ಇರಬೇಕು. ರೈಲಿನಲ್ಲಿ ಒಬ್ಬಳೇ ಎಲ್ಲಿಗೋ ಹೊರಟಿದ್ದೆ. ‘ಲೇ, ಬೇಳೇನ ಸಿಪ್ಪೆ ಪಾತ್ರೆಗೆ ಹಾಕ್ತಿದ್ದೀಯಲ್ಲೇ’ ಎಂದರು ಅಜ್ಜಿ. ‘ಏನೋ ಕನಸು ಬಿತ್ತಜ್ಜಿ’ ಎಂದೆ. ಅಜ್ಜಿ ಕೈ ನಿಲ್ಲಿಸದೆ ಹೇಳಿದರು: ‘ಬೀಳೋದಕ್ಕೆ ನೀನೇನು ಮಲಗಿದ್ಯಾ? ಕಂಡಿದ್ದು ನೀನು ಕಣೇ.’

ಸಿಪ್ಪೆಯ ನಡುವೆ ಬಿದ್ದಿದ್ದ ಬೇಳೆಗಳನ್ನು ನಾನೇ ಒಂದೊಂದಾಗಿ ಆರಿಸಿದೆ. ಅವತ್ತಿನಿಂದ ಈ ಕ್ರಿಯಾಪದ ತಪ್ಪಿಲ್ಲ.

ಹಗಲುಗನಸು ಬೈಗುಳವೇ?

ಬೈಗುಳ ಅಲ್ಲ, ಆದರೆ ಗದರಿಕೆಯ ಅಂಶ ಅದರೊಳಗಿದೆ. ಯಾಕೆ ಎಂದು ನೋಡಬೇಕಾದರೆ ‘ಹಗಲು’ ಸೇರಿದ ಇತರ ಪದಗಳನ್ನು ಪಕ್ಕದಲ್ಲಿಟ್ಟು ನೋಡಿ: ಹಗಲುದರೋಡೆ, ಹಗಲುಗಳ್ಳ, ಹಗಲುವೇಷ. ದರೋಡೆ, ಕಳ್ಳತನ ಎಲ್ಲ ಕತ್ತಲಲ್ಲಿ ನಡೆಯುವಂಥವು. ಅವೇ ಬೆಳಕಿನಲ್ಲಿ ನಡೆದರೆ ನಾಚಿಕೆಯೂ ಬಿಟ್ಟುಹೋಗಿದೆ ಎಂದರ್ಥ. ಹಗಲುವೇಷ ನಿಜಕ್ಕೂ ಒಂದು ಜನಪದ ಕಲೆ. ಕಲಾವಿದರು ದೇವರು ದೈತ್ಯರ ವೇಷ ತೊಟ್ಟು ಹಗಲಿನಲ್ಲೇ ಮನೆಮನೆಯ ಮುಂದೆ ಆಡಿತೋರಿಸುತ್ತಾರೆ. ಆ ಹೆಸರನ್ನೂ ನಾವು ‘ಸೋಗು’ ಎಂಬ ಅರ್ಥಕ್ಕೆ ಎಳೆದುಬಿಟ್ಟಿದ್ದೇವೆ. ಆ ಕಲಾವಿದರಿಗೆ ಇದು ಅನ್ಯಾಯ ಎಂದೇ ನನಗನಿಸುತ್ತದೆ.

ಹಗಲುಗನಸೂ ಇದೇ ಸಾಲಿನಲ್ಲಿ ಕೂತಿದೆ. ರಾತ್ರಿ ಕಾಣಬೇಕಾದ್ದನ್ನು ದುಡಿಯುವ ಹೊತ್ತಿನಲ್ಲಿ ಕಾಣುತ್ತಿದ್ದೀಯ ಎನ್ನುವ ಆಕ್ಷೇಪ ಪದದ ಮೊದಲರ್ಧದಲ್ಲೇ ಇದೆ. ಉಳುವ, ಕಳೆ ಕೀಳುವ, ಬಿಸಿಲು ಇರುವಾಗಲೇ ರಾಗಿ ಒಣಗಿಸುವ ಜನ ಕಟ್ಟಿದ ಮಾತಿನಲ್ಲಿ ಹಗಲಿಗೆ ಅಷ್ಟು ಬೆಲೆ ಇರುವುದು ಸಹಜವೇ.

ಆದ್ದರಿಂದ ಯಾರ ಬಗ್ಗೆ ಹೇಳುತ್ತೀರಿ ಎನ್ನುವುದು ಮುಖ್ಯ. ನಿಮ್ಮ ಬಗ್ಗೆ ನೀವೇ ‘ಹಗಲುಗನಸು ಕಾಣ್ತಿದ್ದೆ’ ಎಂದರೆ ಮಾತು ಮೃದುವಾಗಿರುತ್ತದೆ. ತಾಯಿ ಮಗುವಿಗೆ ಹೇಳಿದರೂ ಮುದ್ದು ಬೆರೆತಿರುತ್ತದೆ. ಅದೇ ಮಾತನ್ನು ಕಚೇರಿಯಲ್ಲಿ ಕೈಕೆಳಗಿನವರಿಗೆ ಹೇಳಿದರೆ ‘ನೀನು ಸೋಮಾರಿ’ ಎಂದಂತೆ. ಎದುರು ಪಕ್ಷದವರ ಬಗ್ಗೆ ‘ಅಧಿಕಾರದ ಹಗಲುಗನಸು ಕಾಣುತ್ತಿದ್ದಾರೆ’ ಎನ್ನುವುದಂತೂ ಚುನಾವಣೆ ಬಂದಾಗಲೆಲ್ಲ ಕೇಳುವ ಮಾತು. ಹಾಗೆ ಹೇಳಿದವರೇ ತಮ್ಮ ಯೋಜನೆಗೆ ‘ನಮ್ಮ ಕನಸು’ ಎನ್ನುತ್ತಾರೆ. ನಮ್ಮದಾದರೆ ಕನಸು, ಅವರದಾದರೆ ಹಗಲುಗನಸು. ಓದುವಾಗ ಈ ‘ಹಗಲು’ ಎಂಬ ಒಂದು ಪದದ ಕಡೆ ಗಮನವಿಟ್ಟರೆ ಬರೆದವರು ಯಾವ ಕಡೆ ನಿಂತಿದ್ದಾರೆ ಎನ್ನುವುದು ತಿಳಿಯುತ್ತದೆ.

ನಮ್ಮ ಊರಿನಲ್ಲೇ ನೋಡಿ. ಬೆಂಗಳೂರಿಗೆ ಮೆಟ್ರೋ ಬರುತ್ತದಂತೆ ಎಂದು ನಾನು ಹೇಳಿದಾಗ ನಮ್ಮ ತಂದೆ ‘ಹಗಲುಗನಸು’ ಎಂದಿದ್ದರು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿತು. ಅದರಲ್ಲಿ ಕೂತು ಬಂದ ದಿನ ಅವರೇ ‘ಕನಸು ನನಸಾಯ್ತು ನೋಡಮ್ಮ’ ಎಂದರು. ‘ಹಗಲುಗನಸು ನನಸಾಯ್ತು’ ಎನ್ನಲಿಲ್ಲ. ನನಸಾದ ಗಳಿಗೆಯಲ್ಲಿ ‘ಹಗಲು’ ತಾನಾಗಿಯೇ ಉದುರಿಹೋಗುತ್ತದೆ.

ಹಾಗಾದರೆ ಒಳ್ಳೆಯ ಅರ್ಥದಲ್ಲಿ ಏನು ಹೇಳಬೇಕು?

ದೂರದ ಗುರಿಯನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ‘ಕನಸು ಕಟ್ಟಿಕೊಂಡವರು’, ‘ಕನಸುಗಾರ’ ಎನ್ನಿ. ಒಂದೇ ವಿಷಯದಲ್ಲಿ ಮುಳುಗಿ ಹೊರಬರದವರಿಗೆ ‘ಗುಂಗು’ ಸರಿ: ‘ಅವನು ಮದುವೆ ಗುಂಗಲ್ಲಿದ್ದಾನೆ’. ಹಾಡು ಕೇಳುತ್ತಾ ತನ್ನನ್ನೇ ಮರೆತರೆ ಮೈಮರೆವು. ‘ಕನವರಿಕೆ’ ಎಂಬ ಚೆಂದದ ಪದವನ್ನು ಈಚೆಗೆ ಹಗಲುಗನಸಿನ ಜಾಗದಲ್ಲಿ ಬಳಸುವುದನ್ನು ಕಾಣುತ್ತಿದ್ದೇನೆ. ಕನವರಿಸುವುದು ಎಂದರೆ ನಿದ್ದೆಯಲ್ಲೋ ಜ್ವರದಲ್ಲೋ ಬಡಬಡಿಸುವುದು. ಅಲ್ಲಿ ಬಾಯಿ ಆಡುತ್ತದೆ. ಹಗಲುಗನಸಿಗೆ ಬಾಯಿಯಿಲ್ಲ.

‘ದಿವಾಸ್ವಪ್ನ’ ಅಂದರೂ ಇದೇ ಅಲ್ಲವೇ?

ಹಿಂದಿಯಲ್ಲಿ ಹೌದು. ಅಲ್ಲಿಂದ ಕನ್ನಡ ಬರಹಕ್ಕೂ ಬಂದಿದೆ. ಆದರೆ ಎಚ್ಚರವಾಗಿ ಬಳಸಬೇಕಾದ ಪದ. ಸಂಸ್ಕೃತದಲ್ಲಿ ‘ಸ್ವಪ್ನ’ ಎಂದರೆ ಕನಸೂ ಹೌದು, ನಿದ್ದೆಯೂ ಹೌದು. ಆಯುರ್ವೇದದಲ್ಲಿ ದಿವಾಸ್ವಪ್ನ ಎಂದರೆ ಹಗಲು ನಿದ್ದೆ. ಚರಕ ಸಂಹಿತೆ ಗ್ರೀಷ್ಮ ಋತುವೊಂದನ್ನು ಬಿಟ್ಟು ಉಳಿದ ಕಾಲದಲ್ಲಿ ಅದು ಬೇಡ ಎನ್ನುತ್ತದೆ. ಮಕ್ಕಳು, ಮುದುಕರು, ಕಾಯಿಲೆಯವರು, ದಣಿದವರಿಗೆ ವಿನಾಯಿತಿ ಇದೆ.

ನಮ್ಮ ಮನೆಯ ಹಿರಿಯರೊಬ್ಬರಿಗೆ ವೈದ್ಯರು ಪಥ್ಯದ ಚೀಟಿಯಲ್ಲಿ ‘ದಿವಾಸ್ವಪ್ನ ವರ್ಜ್ಯ’ ಎಂದು ಬರೆದುಕೊಟ್ಟಿದ್ದರು. ಅವರು ಒಂದು ವಾರ ಯೋಚನೆ ಬರದಂತೆ ಇರಲು ಒದ್ದಾಡಿದರು, ಮಧ್ಯಾಹ್ನದ ನಿದ್ದೆಯನ್ನು ಮಾತ್ರ ಬಿಡಲಿಲ್ಲ. ಹತ್ತಿರ ಕೂತು ಓದಿ ಹೇಳಿದಾಗ ಅವರ ಮುಖದಲ್ಲಿ ಬಂದ ನಿರಾಳ ಇನ್ನೂ ನೆನಪಿದೆ.

ಕನ್ನಡ ಪದ ಇರುವಾಗ ಅದನ್ನೇ ಬಳಸಿ ಎನ್ನುವುದು ನನ್ನ ಸಲಹೆ. ಅದರಲ್ಲಿ ಈ ಗೊಂದಲ ಇಲ್ಲ.

‘ಮನಸ್ಸಿನಲ್ಲಿ ಮಂಡಿಗೆ ತಿನ್ನುವುದು’ ಎಂದರೆ?

ಹಗಲುಗನಸಿಗೆ ಕನ್ನಡದಲ್ಲಿರುವ ಅತಿ ರುಚಿಯಾದ ಮಾತು ಇದು. ಮಂಡಿಗೆ ಬೆಳಗಾವಿ ಕಡೆಯ ಸಿಹಿತಿಂಡಿ. ಕಣಕವನ್ನು ಕೈಮೇಲೆ ಬೀಸಿ ಬೀಸಿ ಬಟ್ಟೆಯಂತೆ ತೆಳ್ಳಗೆ ಹರಡಿ, ಬೋರಲು ಹಾಕಿದ ಬಿಸಿ ಬಾಣಲೆಯ ಮೇಲೆ ಬೇಯಿಸಿ ಮಡಚುತ್ತಾರೆ. ಸಕ್ಕರೆ, ತುಪ್ಪ, ಖೋವಾ ಸೇರಿರುತ್ತದೆ. ಎಲ್ಲರ ಕೈಗೂ ಬರುವ ಅಡುಗೆಯಲ್ಲ. ಮದುವೆ ಮುಂಜಿಗೆ ಬಲ್ಲವರನ್ನು ಕರೆಸಿ ಮಾಡಿಸಬೇಕು. ಅಂಥದ್ದನ್ನು ಖರ್ಚಿಲ್ಲದೆ, ಹೊಗೆಯಿಲ್ಲದೆ, ಕೂತಲ್ಲೇ ತಿಂದು ಮುಗಿಸುವುದು ಮನಸ್ಸಿನಲ್ಲಿ ಮಾತ್ರ ಸಾಧ್ಯ. ಮರಾಠಿಯವರೂ ಇದೇ ಮಾತನ್ನು ಆಡುತ್ತಾರೆ, ‘ಮನಾತ್ ಮಾಂಡೆ’ ಎಂದು. ಬೆಂಗಳೂರಿನ ಮಕ್ಕಳಿಗೆ ಮಂಡಿಗೆ ಗೊತ್ತಿಲ್ಲ, ಹಾಗಾಗಿ ನುಡಿಗಟ್ಟು ಇಲ್ಲಿ ಮಸುಕಾಗುತ್ತಿದೆ. ಬೆಳಗಾವಿಗೆ ಹೋದಾಗ ಒಮ್ಮೆ ತಿಂದು ಬನ್ನಿ. ಆಮೇಲೆ ಆ ಮಾತು ಮರೆಯುವುದಿಲ್ಲ.

ಗಾಳಿಗೋಪುರ, ಬಿಸಿಲುಗುದುರೆ, ತಿರುಕನ ಕನಸು: ಎಲ್ಲವೂ ಒಂದೇ ಏನು?

ನೆಂಟರು, ಆದರೆ ಒಂದೇ ಅಲ್ಲ. ಗಾಳಿಗೋಪುರ ಕಟ್ಟುವುದು ಎಂದರೆ ಆಧಾರವಿಲ್ಲದ ಯೋಜನೆ ಹಾಕುವುದು. ಹಗಲುಗನಸಿಗೆ ಯೋಜನೆಯೂ ಬೇಕಿಲ್ಲ, ಸುಮ್ಮನೆ ಅಲೆದರೂ ಆಯಿತು. ಅಲಿಪಿರಿಯಿಂದ ತಿರುಮಲೆಗೆ ಮೆಟ್ಟಿಲು ಹತ್ತಿದವರಿಗೆ ದಾರಿಯಲ್ಲಿ ಗಾಳಿಗೋಪುರ ಎಂಬ ಹೆಸರಿನ ನಿಜವಾದ ಗೋಪುರವೇ ಸಿಗುತ್ತದೆ. ತೆಲುಗಿನಲ್ಲಿ ಆ ಮಾತು ದೇವಸ್ಥಾನದ ಎತ್ತರದ ಹೆಬ್ಬಾಗಿಲಿಗೆ ಸಲ್ಲುತ್ತದೆ. ನಮ್ಮಲ್ಲಿ ಕಲ್ಲು ಹೋಗಿ ಗಾಳಿ ಮಾತ್ರ ಉಳಿದಿದೆ.

ಬಿಸಿಲುಗುದುರೆ ಹೊರಗೆ ಕಾಣುವ ಭ್ರಮೆ, ಮರೀಚಿಕೆ. ಅದನ್ನು ‘ಬೆನ್ನಟ್ಟುತ್ತೇವೆ’ ಎನ್ನುತ್ತೇವೆ, ಹಗಲುಗನಸಿನಂತೆ ‘ಕಾಣುತ್ತೇವೆ’ ಎನ್ನುವುದಿಲ್ಲ. ತಿರುಕನ ಕನಸಿನಲ್ಲಿ ತಿರುಕ ರಾಜನಾಗುವುದು ನಿದ್ದೆಯಲ್ಲಿ. ಎಚ್ಚರವಾದಾಗ ಎಲ್ಲವೂ ಮುಗಿಯುತ್ತದೆ. ಹಗಲುಗನಸು ಕಾಣುವವನು ಎಚ್ಚರವಾಗುವ ಪ್ರಶ್ನೆಯೇ ಇಲ್ಲ, ಅವನು ಎಚ್ಚರವಾಗಿಯೇ ಇದ್ದ. ‘ಕೂಸು ಹುಟ್ಟುವ ಮುನ್ನ ಕುಲಾವಿ’ ಎಂಬ ಗಾದೆ ಆತುರದ ಬಗ್ಗೆ. ಕುಲಾವಿಯನ್ನು ನಿಜವಾಗಿ ಹೊಲಿದರೆ ಗಾದೆ, ಹೊಲಿದಂತೆ ಮನಸ್ಸಿನಲ್ಲಿ ಕಂಡರೆ ಹಗಲುಗನಸು.

ಇದಕ್ಕೆ ಹಳೆಯ ಕಥೆ ಏನಾದರೂ ಇದೆಯೇ?

ಪಂಚತಂತ್ರದ ಸೋಮಶರ್ಮನ ತಂದೆಯ ಕಥೆ. ಭಿಕ್ಷೆ ಬೇಡಿ ತಂದು ಉಳಿಸಿದ ಹಿಟ್ಟನ್ನು ಬಡ ಬ್ರಾಹ್ಮಣನೊಬ್ಬ ಗಡಿಗೆಯಲ್ಲಿ ತುಂಬಿ, ಗೂಟಕ್ಕೆ ತೂಗುಹಾಕಿ, ಅದರ ಕೆಳಗೇ ಮಂಚ ಹಾಕಿಕೊಂಡು ಮಲಗುತ್ತಾನೆ. ಬರಗಾಲ ಬಂದರೆ ಹಿಟ್ಟಿಗೆ ಬೆಲೆ ಬರುತ್ತದೆ, ಅದರಿಂದ ಆಡು, ಆಡಿನಿಂದ ಹಸು, ಹಸುವಿನಿಂದ ಎಮ್ಮೆ, ಕುದುರೆ, ಹೊನ್ನು, ಮನೆ, ಹೆಂಡತಿ, ಮಗ. ಮಗನಿಗೆ ಸೋಮಶರ್ಮ ಎಂದು ಹೆಸರಿಡುತ್ತಾನೆ. ಮಗುವನ್ನು ಹೆಂಡತಿ ನೋಡಿಕೊಳ್ಳಲಿಲ್ಲವೆಂದು ಸಿಟ್ಟಿನಿಂದ ಒದೆಯುತ್ತಾನೆ. ಗಡಿಗೆ ಒಡೆದು ಮೈಯೆಲ್ಲ ಹಿಟ್ಟು.

ಕಥೆ ಅವನ ಹೆಸರನ್ನು ಬದಿಗಿಟ್ಟು, ಹುಟ್ಟದ ಮಗನ ಹೆಸರಿನಿಂದ ಅವನನ್ನು ಕರೆಯುತ್ತದೆ. ನನಗೆ ಅತ್ಯಂತ ಇಷ್ಟವಾದದ್ದು ಇದು. ಗಡಿಗೆ ಒಡೆಯಿತು, ಸೋಮಶರ್ಮ ಮಾತ್ರ ಸಾವಿರ ವರ್ಷಕ್ಕೂ ಮೇಲೆ ಉಳಿದುಬಿಟ್ಟ.

ಅಕ್ಕಪಕ್ಕದ ಭಾಷೆಗಳಲ್ಲಿ ಏನೆನ್ನುತ್ತಾರೆ?

ತೆಲುಗಿನಲ್ಲಿ ಪಗಟಿಕಲ, ತಮಿಳಿನಲ್ಲಿ ಪಗರ್‌ಕನವು, ಮಲಯಾಳದಲ್ಲಿ ಪಗಲ್‌ಕಿನಾವ್. ನಾಲ್ಕೂ ಕಡೆ ಹಗಲು ಮತ್ತು ಕನಸು ಸೇರಿಯೇ ಪದವಾಗಿದೆ. ಹಳಗನ್ನಡದಲ್ಲಿ ನಮ್ಮದೂ ‘ಪಗಲ್’. ಪಾಲ್ ಹಾಲಾದಂತೆ, ಪುಲಿ ಹುಲಿಯಾದಂತೆ ಪಗಲ್ ಹಗಲಾಯಿತು. ತಮಿಳು, ತೆಲುಗು ಮನೆಮಾತಿನವರು ತರಗತಿಯಲ್ಲಿ ಈ ಪದವನ್ನು ಬೇಗ ಹಿಡಿಯುವುದಕ್ಕೆ ಇದೇ ಕಾರಣ.

ಮನಶ್ಶಾಸ್ತ್ರ ಏನು ಹೇಳುತ್ತದೆ? ಹಗಲುಗನಸು ಕೆಟ್ಟದ್ದೇ?

ಕೆಟ್ಟದ್ದೆಂದು ಒಂದೇ ಮಾತಿನಲ್ಲಿ ಹೇಳುವುದಕ್ಕಾಗದು. ಅಮೆರಿಕದ ಜೆರೋಮ್ ಸಿಂಗರ್ ಇದನ್ನೇ ಜೀವನದ ಕೆಲಸ ಮಾಡಿಕೊಂಡು, ಹಗಲುಗನಸಿನಲ್ಲಿ ಮೂರು ಬಗೆ ಗುರುತಿಸಿದರು. ಆಟದಂತೆ ಹಿತವಾಗಿ ಹರಿದು ಮುಂದಿನ ದಾರಿ ಹುಡುಕುವುದು ಒಂದು; ತಪ್ಪಿತಸ್ಥ ಭಾವ, ಭಯ, ಸೋಲುಗಳಲ್ಲೇ ಸುತ್ತುವುದು ಇನ್ನೊಂದು; ಯಾವುದರ ಮೇಲೂ ಗಮನ ನಿಲ್ಲದೆ ಚದುರಿಹೋಗುವುದು ಮೂರನೆಯದು. ಮೊದಲನೆಯದರ ಬಗ್ಗೆ ಅವರಿಗೆ ತುಂಬ ಗೌರವ ಇತ್ತು.

2010ರಲ್ಲಿ ಹಾರ್ವರ್ಡ್‌ನ ಇಬ್ಬರು ಸಂಶೋಧಕರು 2,250 ಜನರಿಗೆ ಫೋನಿನಲ್ಲಿ ಮೊದಲೇ ಗೊತ್ತುಮಾಡದ ಹೊತ್ತಿನಲ್ಲಿ ‘ಈಗ ಏನು ಮಾಡುತ್ತಿದ್ದೀರಿ, ಏನು ಯೋಚಿಸುತ್ತಿದ್ದೀರಿ’ ಎಂದು ಕೇಳಿದರು. ಶೇ 46.9ರಷ್ಟು ಸಲ ಮನಸ್ಸು ಕೈಯಲ್ಲಿದ್ದ ಕೆಲಸದಲ್ಲಿ ಇರಲಿಲ್ಲ. ಅಂಥ ಹೊತ್ತಿನಲ್ಲಿ ಜನ ಅಷ್ಟು ಸಂತೋಷವಾಗಿಯೂ ಇರಲಿಲ್ಲ. ಇದನ್ನು ಓದಿ ‘ಹಗಲುಗನಸು ದುಃಖಕ್ಕೆ ದಾರಿ’ ಎಂದು ತೀರ್ಮಾನಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮನಸ್ಸು ಅಲೆಯುವುದರಲ್ಲಿ ಸಾಲದ ಚಿಂತೆಯೂ ಸೇರಿದೆ, ನಿನ್ನೆಯ ಜಗಳವೂ ಸೇರಿದೆ. ಕನ್ನಡದಲ್ಲಿ ಅದಕ್ಕೆ ಕೊರಗು, ಚಿಂತೆ ಎಂಬ ಬೇರೆ ಪದಗಳಿವೆ. ಸಾಲದ ಕಂತು ನೆನೆದು ಬೆವರಿದವರನ್ನು ‘ಹಗಲುಗನಸು ಕಾಣ್ತಿದ್ದಾರೆ’ ಎಂದು ನಾವು ಯಾವತ್ತೂ ಹೇಳುವುದಿಲ್ಲ.

ಹಗಲುಗನಸು ಕಾಯಿಲೆಯಾಗಬಹುದೇ?

ಗಂಟೆಗಟ್ಟಲೆ ಅದರಲ್ಲೇ ಮುಳುಗಿ ಓದು, ಕೆಲಸ, ಮನೆಮಂದಿಯ ಜೊತೆಗಿನ ಮಾತು ಎಲ್ಲ ಕೆಡುವಂಥ ಸ್ಥಿತಿಯ ಬಗ್ಗೆ ಇಸ್ರೇಲಿನ ಎಲಿ ಸೋಮರ್ 2002ರಲ್ಲಿ ಬರೆದು ಅದಕ್ಕೆ ಪ್ರತ್ಯೇಕ ಹೆಸರಿಟ್ಟರು. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಪಟ್ಟಿಯಲ್ಲಿ ಅದು ಬೇರೆ ಕಾಯಿಲೆಯಾಗಿ ಸೇರಿಲ್ಲ. ಆದರೆ ಅನುಭವಿಸುವವರ ಕಷ್ಟ ನಿಜ. ಬಿಡಬೇಕೆಂದರೂ ಬಿಡಲಾಗುತ್ತಿಲ್ಲ ಎನ್ನುವವರು ಸಂಕೋಚಪಡದೆ ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದುಡ್ಡು ಕೊಡದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಹತ್ತಿರವೇ ಇದೆ. ‘ಹಗಲುಗನಸಿಗೆಲ್ಲ ಡಾಕ್ಟರಾ’ ಎಂದು ಮನೆಯವರು ಅಂದರೆ ಆ ಮಾತಿಗೆ ಕಿವಿಗೊಡಬೇಡಿ.

ವಿಭಕ್ತಿ ಸೇರಿದಾಗ ಹೇಗಾಗುತ್ತದೆ? ಉಚ್ಚಾರ?

ಹಗಲುಗನಸನ್ನು, ಹಗಲುಗನಸಿಗೆ, ಹಗಲುಗನಸಿನಲ್ಲಿ, ಹಗಲುಗನಸುಗಳು. ಬೆಂಗಳೂರಿನ ಆಡುಮಾತಿನಲ್ಲಿ ‘ಹಗಲ್ಗನ್ಸು’. ಬರೆಯುವಾಗ ಪೂರ್ತಿ ಬರೆಯಿರಿ.

ಹಗಲುಗನಸಿನಲ್ಲಿರುವವರನ್ನು ಕನ್ನಡದಲ್ಲಿ ಕರೆಯುವುದು ಹೇಗೆ?

ಪಠ್ಯಪುಸ್ತಕದಲ್ಲಿ ಸಿಗದ, ಆದರೆ ಎಲ್ಲರಿಗೂ ಬೇಕಾದ ಪ್ರಶ್ನೆ. ಗೆಳೆಯರಾದರೆ ‘ಯಾವ ಲೋಕದಲ್ಲಿದ್ದೀಯಪ್ಪಾ?’, ‘ಎಲ್ಲೋ ಕಳೆದುಹೋಗಿದ್ದೀಯ’. ಹಿರಿಯರಾದರೆ ಇದನ್ನೆಲ್ಲ ಹೇಳುವಂತಿಲ್ಲ. ‘ಏನೋ ಯೋಚನೆ ಮಾಡ್ತಿದ್ದ ಹಾಗಿತ್ತು, ಆಮೇಲೆ ಬರಲಾ?’ ಎಂದು ಒಂದು ಹೆಜ್ಜೆ ಹಿಂದೆ ನಿಂತು ಕೇಳಬೇಕು. ಕಚೇರಿಯಲ್ಲಿ ಸಾಮಾನ್ಯವಾಗಿ ಹೆಸರಿಗೆ ‘ಅವರೇ’ ಸೇರಿಸಿ ಎರಡು ಸಲ ಕರೆದರೆ ಸಾಕು. ಮಕ್ಕಳನ್ನು ಬೆಚ್ಚಿಬೀಳಿಸಬೇಡಿ, ಮೆಲ್ಲಗೆ ಭುಜ ಮುಟ್ಟಿದರೆ ಅವರೇ ಬರುತ್ತಾರೆ.

ನಮ್ಮ ಅಜ್ಜಿ ‘ಬಾರೇ ಇಲ್ಲಿಗೆ’ ಎನ್ನುತ್ತಿದ್ದರು. ನಾನು ಅವರ ಮಗ್ಗುಲಲ್ಲೇ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿರುತ್ತಿದ್ದೆ.